ಉಸ್ತಾದರು ಸಹಿ ಹಾಕದ ದಿನ

ಮೊನ್ನೆ ಸ್ಕೂಟರಿನ ಆಯಿಲ್ ಬದಲಿಸಲು ಸೇಡಂ ಬಸ್ ಸ್ಟ್ಯಾಂಡಿನ ಹಿಂದಿರುವ ಗ್ಯಾರೇಜಿಗೆ ಹೋಗಿದ್ದೆ. ಮಿಸ್ತ್ರಿ ಗಾಡಿಯನ್ನು ಒಂದಿಷ್ಟು ಹೊತ್ತು ಚಾಲೂ ಇಟ್ಟು, ಆಮೇಲೆ ಕೆಳಗಿನ ನಟ್ ಬಿಚ್ಚಿದ. ಕಪ್ಪು ಎಣ್ಣೆ ತಗಡಿನ ಡಬ್ಬಿಗೆ ಎಳೆಯಾಗಿ ಇಳಿಯಿತು. ಬಿಸಿ ಎಣ್ಣೆಯ ವಾಸನೆ, ಅದರೊಳಗೆ ಸುಟ್ಟ ಪೆಟ್ರೋಲಿನ ಸಣ್ಣ ಘಾಟು... ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. "ಯಾಕ್ರಿ ಅಕ್ಕೋರ, ನೀರು ಬೇಕೇನ್ರಿ?" ಎಂದು ಕೇಳಿದ. ಬೇಡ ಅಂದೆ. ಏಳೆಂಟು ವರ್ಷದ ಹಿಂದೆ, ವಾಡಿಗೂ ಶಹಾಬಾದಿಗೂ ನಡುವೆ ಒಂದು ತಗಡಿನ ಶೆಡ್ಡಿನಲ್ಲಿ, ಇದೇ ವಾಸನೆಯೊಳಗೆ ನಾನು ದಿನ ಕಳೆದಿದ್ದೆ. ಅಲ್ಲಿ ನನ್ನ ಜೊತೆ ಇದ್ದವರು ಒಬ್ಬರೇ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಚಿತ್ತಾಪುರದವಳು. ವಿಮಾನ ಹಾರಿಸುವುದನ್ನು ಕಲಿತು ಲೈಸೆನ್ಸ್ ತೆಗೆದುಕೊಂಡ ಮೇಲೂ ನಾಲ್ಕು ವರ್ಷ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ಯಾರ ಮನೆಯ ಮದುವೆಗೆ ಹೋದರೂ ಒಬ್ಬರಾದರೂ "ಈಗ ಎಲ್ಲಿಗಿ ಹಾರಸ್ತೀವಾ?" ಎಂದು ಕೇಳುತ್ತಿದ್ದರು. ಹಾಗಾಗಿ, ಕಲ್ಲಿನ ಗಣಿಗಳ ಫೋಟೊ ತೆಗೆಯುವ ಒಂದು ಸರ್ವೆ ಕಂಪನಿ ಕರೆದಾಗ ಸಂಬಳ ಎಷ್ಟೆಂದೂ ಸರಿಯಾಗಿ ಕೇಳದೆ ಒಪ್ಪಿಕೊಂಡೆ. ಇಬ್ಬರು ಕೂರುವ ಪುಟ್ಟ ವಿಮಾನ. ಒಬ್ಬರೇ ತಳ್ಳಿ ಶೆಡ್ಡಿನಿಂದ ಹೊರಗೆ ತರಬಹುದಾದಷ್ಟು ಹಗುರ. ಎರಡನೆಯ ಸೀಟಿನಲ್ಲಿ ಮನುಷ್ಯರು ಕೂರುತ್ತಿರಲಿಲ್ಲ, ಕ್ಯಾಮೆರಾದ ಪೆಟ್ಟಿಗೆ ಕೂರುತ್ತಿತ್ತು. ವಾರಕ್ಕೆ ಮೂರು ಮುಂಜಾನೆ ಕಾಗಿಣಾ ಹೊಳೆಯ ಗುಂಟ ಮಳಖೇಡದ ತನಕ, ಒಮ್ಮೊಮ್ಮೆ ಚಿಂಚೋಳಿಯ ಕಾಡಿನ ಅಂಚಿನ ತನಕ ಹೋಗಿ ಬರುತ್ತಿದ್ದೆ. ಉಳಿದ ದಿನ ಶೆಡ್ಡು, ಬಿಸಿಗಾಳಿ, ಸುತ್ತ ತೊಗರಿ ಹೊಲ.

ಉಸ್ತಾದರು ಆ ವಿಮಾನದ ಇಂಜಿನ್ ನೋಡಿಕೊಳ್ಳುವವರು. ತಪಾಸಣೆ ಮುಗಿದ ಮೇಲೆ ಲಾಗ್ ಬುಕ್ಕಿನಲ್ಲಿ 'ಹಾರಲು ಯೋಗ್ಯ' ಎಂದು ಸಹಿ ಹಾಕುವ ಅಧಿಕಾರ ಅವರೊಬ್ಬರದ್ದೇ. ಅವರ ಸಹಿ ಇಲ್ಲದೆ ನಾನು ನೆಲ ಬಿಡುವಂತಿರಲಿಲ್ಲ. ಐವತ್ತೈದು ದಾಟಿದ ವಯಸ್ಸು, ಸಣಕಲು ಮೈ, ಕುಂಕುಮ ಬಣ್ಣಕ್ಕೆ ತಿರುಗಿದ ಮೆಹಂದಿ ಹಚ್ಚಿದ ಗಡ್ಡ. ಶಹಾಬಾದಿನವರು. ಹರೆಯದಲ್ಲಿ ಹತ್ತಾರು ವರ್ಷ ಅಲ್ಲಿಯ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕಾರ್ಖಾನೆಗಳಲ್ಲಿ ಮಷೀನು ರಿಪೇರಿ ಮಾಡಿ, ಆಮೇಲೆ ಹೈದರಾಬಾದಿಗೆ ಹೋಗಿ ವಿಮಾನದ ಇಂಜಿನ್ ಕೆಲಸ ಕಲಿತು, ಪರೀಕ್ಷೆ ಕಟ್ಟಿ ಪಾಸಾದವರು. ಹೆಂಡತಿ ತೀರಿಕೊಂಡ ಮೇಲೆ ಊರ ಕಡೆ ತಿರುಗಿ ಬಂದಿದ್ದರು. ಶೆಡ್ಡಿನ ಪಕ್ಕದ ಕೋಣೆಯಲ್ಲೇ ವಾಸ. ಶುಕ್ರವಾರ ಮಾತ್ರ ನಮಾಜಿಗೆಂದು ಊರಿಗೆ ಹೋಗಿ, ಮಗಳ ಮನೆಯಲ್ಲಿ ಉಂಡು ಬರುತ್ತಿದ್ದರು.

ಮೊದಲ ವರ್ಷ ಅವರ ಮೇಲೆ ನನಗೆ ಸಿಟ್ಟಿತ್ತು. ನಾನು ಮಾತಾಡಿಸಿದರೆ ಎಷ್ಟೋ ಸಲ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಿಗ್ಗೆ ಬಂದು "ನಮಸ್ಕಾರ ಉಸ್ತಾದ್ರ" ಅಂದರೆ ಇಂಜಿನ್ನಿನ ಮೇಲೆ ಬಗ್ಗಿದವರು ಬಗ್ಗಿಯೇ ಇರುತ್ತಿದ್ದರು. ಹೆಣ್ಣುಮಗಳು ವಿಮಾನ ಹಾರಿಸುವುದು ಇವರಿಗೆ ಸೇರುವುದಿಲ್ಲ ಎಂದು ನಾನೇ ತೀರ್ಮಾನಿಸಿಕೊಂಡೆ. ಹೊಟ್ಟೆಯಲ್ಲಿ ಆ ಮಾತು ಇಟ್ಟುಕೊಂಡೇ ದಿನವೂ ಎದುರುಬದುರು ಕುಳಿತು ಡಬ್ಬಿ ಬಿಚ್ಚಿ ಉಣ್ಣುತ್ತಿದ್ದೆವು. ಎದುರು ಕುಳಿತಾಗ ಮಾತ್ರ ಅವರು ಬೇರೆಯೇ ಮನುಷ್ಯ. ಮೆಲ್ಲಗೆ, ಒಂದೊಂದೇ ಮಾತು ಆಡುತ್ತಿದ್ದರು. ನಮ್ಮ ಮನೆಯ ಪುಂಡಿಪಲ್ಯ ಅವರಿಗೆ ಇಷ್ಟವಾಗಿತ್ತು. "ನಮ್ಮ ಮನ್ಯಾಕಿ ಇದಕ್ಕ ಬಳ್ಳೊಳ್ಳಿ ಜಾಸ್ತಿ ಹಾಕ್ತಿದ್ಳು" ಎಂದು ಒಮ್ಮೆ ಹೇಳಿ, ಮತ್ತೆ ಆ ವಿಷಯ ಎತ್ತಲಿಲ್ಲ.

ಕೆಲಸದಲ್ಲಿ ಅವರದು ವಿಪರೀತ ಶಿಸ್ತು. ಆ ಇಂಜಿನ್ನಿಗೆ ಇಂತಿಷ್ಟು ತಾಸು ಓಡಿದ ಮೇಲೆ ಇಂತಿಂಥದ್ದು ಮಾಡಲೇಬೇಕು ಎಂದು ತಯಾರಿಸಿದವರ ಪುಸ್ತಕವೊಂದಿತ್ತು. ಐವತ್ತು ತಾಸಿಗೊಮ್ಮೆ ಎಣ್ಣೆ, ನೂರು ತಾಸಿಗೊಮ್ಮೆ ದೊಡ್ಡ ತಪಾಸಣೆ. ಉಸ್ತಾದರು ಪ್ರತಿಯೊಂದನ್ನೂ ಎರಡೆರಡು ಸಲ ಮಾಡುತ್ತಿದ್ದರು. ಹಳೆಯ ಎಣ್ಣೆ ಫಿಲ್ಟರನ್ನು ಕೊಯ್ದು, ಒಳಗಿನ ಕಾಗದದ ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಬಿಸಿಲಿಗೆ ಹಿಡಿದು ಲೋಹದ ಚೂರು ಇದೆಯೇ ಎಂದು ಹುಡುಕುತ್ತಿದ್ದರು. ಅರ್ಧ ತಾಸು ಹುಡುಕಿದ ಮೇಲೆ ಮತ್ತೆ ಮೊದಲಿನಿಂದ ಶುರು.

ಇನ್ನೊಂದು ವಿಚಿತ್ರ ನನಗೆ ಕಾಣುತ್ತಿತ್ತು. ಎಣ್ಣೆಯ ಮಟ್ಟ ನೋಡುವ ಮೊದಲು ವಿಮಾನದ ಮೂತಿಯ ಪಂಕವನ್ನು ಕೈಯಿಂದ ತಿರುಗಿಸಬೇಕು. ಹಾಗೆ ತಿರುಗಿಸಿದಾಗ ಇಂಜಿನ್ನಿನೊಳಗಿನ ಎಣ್ಣೆ ತೊಟ್ಟಿಗೆ ವಾಪಸು ಬಂದು 'ಗುಳುಕ್' ಅನ್ನುತ್ತದೆ. ನಾನು ಕಲಿತ ಕಡೆಯಲ್ಲೆಲ್ಲ ಆ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದರು. ಉಸ್ತಾದರು ಮಾತ್ರ ಒಂದು ಕೈಯಲ್ಲಿ ಪಂಕ ತಿರುಗಿಸಿ, ಇನ್ನೊಂದು ಅಂಗೈಯನ್ನು ತೊಟ್ಟಿಯ ಮೇಲೆ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಏನೋ ದುವಾ ಮಾಡುತ್ತಾರೆ ಅಂದುಕೊಂಡಿದ್ದೆ. ನಾನು ಹಾರಿ ಬರುವ ಹೊತ್ತಿಗೆ ರನ್‌ವೇಯ ತುದಿಯಲ್ಲಿ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಾ ನಿಂತಿರುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿರುತ್ತಿದ್ದರೋ...

ಮೂರನೆಯ ವರ್ಷದ ಬೇಸಿಗೆಯಲ್ಲಿ ನೂರು ತಾಸಿನ ತಪಾಸಣೆ ಬಂತು. ಆ ಸಲ ಕೆಲಸ ಹೆಚ್ಚಿತ್ತು. ಇಂಜಿನ್ ಕೂರಿಸಿ ಐದು ವರ್ಷವಾದ್ದರಿಂದ ಎಣ್ಣೆ ಹರಿಯುವ ರಬ್ಬರಿನ ಪೈಪುಗಳನ್ನೂ ಬದಲಿಸಬೇಕಿತ್ತು. ನೋಡಲು ಅವು ಹೊಸದರ ಹಾಗೇ ಇದ್ದವು. "ಇನ್ನೂ ಛಲೋ ಅವ ಅಲ್ರಿ" ಅಂದೆ. ಉಸ್ತಾದರು ಪುಸ್ತಕದ ಹಾಳೆ ತಿರುವಿ, ಸಾಲಿನ ಕೆಳಗೆ ಬೆರಳಿಟ್ಟು ತೋರಿಸಿ, ಪೈಪಿನ ಕ್ಲಿಪ್ಪು ಬಿಚ್ಚಲು ಶುರು ಮಾಡಿದರು.

ನಾಲ್ಕು ದಿನ ಹಿಡಿಯಿತು. ಪೈಪು ಬದಲಿಸಿದಾಗ ಒಳಗೆ ಗಾಳಿ ಸೇರುತ್ತದೆ. ಪಂಕವನ್ನು ಎಷ್ಟೋ ಸುತ್ತು ತಿರುಗಿಸಿ ಆ ಗಾಳಿಯನ್ನು ಹೊರಹಾಕಬೇಕು. ಇಲ್ಲದಿದ್ದರೆ ವಾಲ್ವುಗಳನ್ನು ಎತ್ತುವ ಟ್ಯಾಪೆಟ್ಟುಗಳಲ್ಲಿ ಎಣ್ಣೆ ತುಂಬದೆ ಅವು ಬಡಿದುಕೊಳ್ಳುತ್ತವೆ, ಹಾಗೇ ಹಾರಿದರೆ ಒಳಗೆ ಸವೆದು ಹಾಳಾಗುತ್ತದೆ. ಅದನ್ನೂ ಉಸ್ತಾದರು ಎರಡು ಸಲ ಮಾಡಿದರು. ಗುರುವಾರ ಮಧ್ಯಾಹ್ನ ಕವಚ ತೆಗೆದಿದ್ದ ಇಂಜಿನ್ನನ್ನು ಚಾಲೂ ಮಾಡಿ ನೋಡುವುದಿತ್ತು. ನಾನು ಒಳಗೆ ಕುಳಿತೆ, ಅವರು ಪಕ್ಕದಲ್ಲಿ ನಿಂತರು. ಇಂಜಿನ್ ಹತ್ತಿತು. ಎಣ್ಣೆಯ ಒತ್ತಡ ಸರಿ, ಬಿಸಿ ಸರಿ. ಹೆಡ್‌ಫೋನಿನ ಒಂದು ಬದಿ ಸರಿಸಿದೆ. ಟಿಕ್ ಟಿಕ್ ಟಿಕ್... ಎಡಗಡೆಯಿಂದ, ಸುತ್ತಿಗೆಯಿಂದ ಸಣ್ಣಗೆ ಬಡಿದ ಹಾಗೆ. ನಾನು ಉಸ್ತಾದರ ಮುಖ ನೋಡಿದೆ. ಅವರು ಹೆಬ್ಬೆರಳು ಎತ್ತಿ, ಸರಿಯಿದೆ, ನಿಲ್ಲಿಸಿ ಎಂದು ಸನ್ನೆ ಮಾಡಿದರು.

ನಾನು ಇಳಿದು ಬರುವಷ್ಟರಲ್ಲಿ ಅವರು ಮೇಜಿನ ಮೇಲೆ ಲಾಗ್ ಬುಕ್ ತೆರೆದು ಪೆನ್ನು ಹಿಡಿದಿದ್ದರು. ಹಿಂದಿನಿಂದ "ಉಸ್ತಾದ್ರ, ಏನೋ ಬಡಿಲಿಕತ್ತದಲ್ರಿ" ಅಂದೆ. ಅವರು ತಾರೀಖು ಬರೆಯುತ್ತಲೇ ಇದ್ದರು. ಮೇಜು ಸುತ್ತಿ ಎದುರಿಗೆ ಹೋಗಿ ಮತ್ತೆ ಹೇಳಿದೆ. ಪೆನ್ನು ನಿಂತಿತು.

"ಎಲ್ಲಿ?"

"ಎಡಗಡೆ. ಹಿಂದಿನ ಸಿಲಿಂಡರ್ ಇರಬೇಕ್ರಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಕೇಳಿದರು, "ಎಷ್ಟು ಜೋರದ?"

ಅವರಿಗೆ ಆ ಸದ್ದು ಕೇಳಿಸಿಯೇ ಇಲ್ಲ ಎಂದು ಆಗ ಹೊಳೆಯಿತು. "ಜೋರದ ಉಸ್ತಾದ್ರ. ಹೊಲದಾಗ ನಿಂತವ್ರಿಗೂ ಕೇಳಸ್ತದ."

ಅವರು ಎದ್ದರು. ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡು, ಮತ್ತೊಮ್ಮೆ ಚಾಲೂ ಮಾಡಲು ಹೇಳಿದರು. ಮಿಸ್ತ್ರಿಗಳು ಇಂಜಿನ್ನಿಗೆ ಸ್ಕ್ರೂಡ್ರೈವರ್ ತಾಗಿಸಿ ಹಿಡಿಕೆಗೆ ಕಿವಿ ಹಚ್ಚಿ ಕೇಳುವುದನ್ನು ಎಷ್ಟೋ ಕಡೆ ನೋಡಿದ್ದೆ. ಉಸ್ತಾದರು ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ತಿರುಗುತ್ತಿದ್ದ ಪಂಕದ ಹಿಂದೆ, ಪಕ್ಕದಿಂದ ಬಗ್ಗಿ, ಒಂದೊಂದೇ ಸಿಲಿಂಡರಿಗೆ ತುದಿ ತಾಗಿಸಿದರು. ಎಡಗಡೆಯ ಹಿಂದಿನದಕ್ಕೆ ಬಂದಾಗ ಅವರ ಕಣ್ಣು ಮುಚ್ಚಿದವು. ಬಹಳ ಹೊತ್ತು ಹಾಗೇ ನಿಂತಿದ್ದರು. ಹಲ್ಲಿನಿಂದ ತಲೆಬುರುಡೆಗೆ ಆ ಬಡಿತ ಮುಟ್ಟಿರಬೇಕು. ನಾನೇ ಇಂಜಿನ್ ನಿಲ್ಲಿಸಿದೆ.

ಶೆಡ್ಡಿನ ನೆರಳಿನಲ್ಲಿ ನೆಲದ ಮೇಲೆ ಕುಳಿತೆವು. ಅವರೇ ಹೇಳಿದರು.

"ಮೊದಲ ಬಲಗಿವಿ ಹೋತು. ಕಲ್ಲಿನ ಮಷೀನಿನಾಗ ಅಷ್ಟು ವರ್ಷ ನಿಂತದ್ದು... ಎಡಗಿವೀನೂ ಅರ್ಧಾನೇ ಕೇಳಸ್ತಿತ್ತು, ಅದರಾಗೇ ನಡಿಸಿದೆ. ಈಗ ವರ್ಷ ಆತು, ಅದೂ ಇಲ್ಲ. ಬಾಯಿ ನೋಡಿ ತಿಳಕೋತೀನಿ. ಪುಸ್ತಕದಾಗಿದ್ದದ್ದು ಒಂದೂ ಬಿಟ್ಟಿಲ್ಲ ಮೇಡಂ. ಗೇಜು, ಅಂಗೈ, ಕಣ್ಣು... ಇವು ಸಾಕು ಅಂತ ತಿಳಕೊಂಡಿದ್ದೆ."

"ನಾ ಮ್ಯಾಲ ಇರ್ತಿದ್ದೆ ಉಸ್ತಾದ್ರ," ಅಂದೆ. ದನಿ ಕಠಿಣವಾಗಿಯೇ ಬಂತು. ಅವರಿಗೆ ದನಿ ಗೊತ್ತಾಗಲಿಲ್ಲ, ನನ್ನ ಮುಖ ಗೊತ್ತಾಯಿತು.

"ಗೊತ್ತದ. ಅದಕ್ಕೇ ಎರಡೆರಡು ಸಲ ಮಾಡ್ತಿದ್ದೆ."

ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಮೂರು ವರ್ಷ ನಾನು ಅವರ ಬೆನ್ನಿಗೆ ಮಾತಾಡಿ, ಉತ್ತರ ಬರಲಿಲ್ಲವೆಂದು ಮುನಿಸಿಕೊಂಡಿದ್ದೆ. ಆ ನಿರ್ಜನ ಬಯಲಿನಲ್ಲಿ ನನಗೊಬ್ಬಳಿಗೇ ಬೇಸರ ಅಂದುಕೊಂಡಿದ್ದೆ. ಅವರು ಅದಕ್ಕಿಂತ ಆಳದ ಒಂದು ಮೌನದೊಳಗೆ ಒಬ್ಬರೇ ಇದ್ದರು, ಹೇಳಿಕೊಂಡರೆ ಕೆಲಸ ಹೋಗುತ್ತದೆಂಬ ಭಯದಲ್ಲಿ. ಇನ್ನು ಮುಂದೆ ಇಂಜಿನ್ ಚಾಲೂ ಮಾಡಿದಾಗಲೆಲ್ಲ ನಾನು ಕೇಳಿ ಹೇಳುತ್ತೇನೆ, ಇಬ್ಬರೂ ಸೇರಿ ನಡೆಸೋಣ ಅಂದೆ. ಅವರು ತಲೆ ಅಲ್ಲಾಡಿಸಿದರು.

"ನೀವು ಮ್ಯಾಲ ಹೋದಾಗ ನಾ ಕೆಳಗ ಯಾರ ಕಿವಿಲಿಂದ ಕೇಳ್ಲಿ?"

ಆ ದಿನ ಅವರು ಸಹಿ ಹಾಕಲಿಲ್ಲ. ಅವರು ನನ್ನಿಂದ ಕೇಳಿದ್ದು ಒಂದೇ ಒಂದು. ನಾಳೆ ಶುಕ್ರವಾರ, ಊರಿಗೆ ಹೋಗುತ್ತೇನೆ, ಮಗಳಿಗೆ ಮೊದಲು ಹೇಳುತ್ತೇನೆ, ಬಂದು ಆಫೀಸಿಗೆ ನಾನೇ ಫೋನ್ ಮಾಡುತ್ತೇನೆ. ಅಲ್ಲಿಯ ತನಕ ಯಾರಿಗೂ ಹೇಳಬೇಡಿ. ಆಗಲಿ ಅಂದೆ.

ಸಂಜೆಗೆ ಮೊದಲೇ ಆಫೀಸಿನಿಂದ ಮ್ಯಾನೇಜರರ ಫೋನ್ ಬಂತು. ವಿಮಾನ ತಯಾರಾಯಿತೇ ಎಂದರು. ಇಲ್ಲ ಅಂದೆ. ಯಾಕೆ? ಇನ್ನೂ ಸ್ವಲ್ಪ ಕೆಲಸ ಇದೆ. ಎಂಥ ಕೆಲಸ, ನಾಲ್ಕು ದಿನ ಸಾಲದೇ? ಇವತ್ತು ಸಹಿ ಆಗುತ್ತದೆ ಎಂದು ನಿನ್ನೆ ನೀವೇ ಹೇಳಿದ್ದಿರಲ್ಲ? ನಾನು ತಡವರಿಸಿದೆ. ಅವರು ಬಿಡಲಿಲ್ಲ. ಉಸ್ತಾದರು ಐದಾರು ಹೆಜ್ಜೆ ದೂರದಲ್ಲಿ ನಟ್ಟು ಬಿಚ್ಚುವ ಪಾನಾಗಳನ್ನು ಒರೆಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಹೇಗೂ ಅವರಿಗೆ ಕೇಳುವುದಿಲ್ಲ ಎಂಬ ಯೋಚನೆ ಬಂತೇ, ಇಲ್ಲವೇ, ಇವತ್ತಿಗೂ ಖಾತ್ರಿಯಾಗಿ ಹೇಳಲಾರೆ. "ಉಸ್ತಾದ್ರಿಗಿ ಕಿವಿ ಕೇಳ್ಸಂಗಿಲ್ರಿ ಸರ್," ಅಂದೆ. "ವರ್ಷದಿಂದ."

ಫೋನ್ ಇಟ್ಟು ತಿರುಗಿದೆ. ಅವರು ಒರೆಸುವ ಬಟ್ಟೆ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನಾನೇ ಹೇಳಾವಿದ್ದೆ," ಅಂದರು. ಆಮೇಲೆ ಸ್ವಲ್ಪ ತಡೆದು, "ಇರ್ಲಿ. ಖರೇನ ಹೇಳೀರಿ."

ಬೈದಿದ್ದರೆ ಒಳ್ಳೆಯದಿತ್ತು. ಉಳಿದ ಪಾನಾಗಳನ್ನೂ ಒಂದೊಂದಾಗಿ ಒರೆಸಿ, ಅವುಗಳ ಜಾಗದಲ್ಲಿಟ್ಟು, ಪೆಟ್ಟಿಗೆ ಮುಚ್ಚಿ, ವಾಡಿಯ ಕಡೆಯಿಂದ ಬರುವ ಟೆಂಪೊ ಹತ್ತಲು ಹೋದರು. ಶುಕ್ರವಾರಕ್ಕೆ ಕಾಯಲಿಲ್ಲ.

ಇನ್ನು ಬರುವುದಿಲ್ಲ ಅಂದುಕೊಂಡಿದ್ದೆ. ಶನಿವಾರ ಬಂದರು. ಸೋಮವಾರ ಹೈದರಾಬಾದಿನಿಂದ ಹೊಸ ಇಂಜಿನಿಯರ್ ಬಂದ. ಇಬ್ಬರೂ ಸೇರಿ ಆ ಸಿಲಿಂಡರಿನ ಮುಚ್ಚಳ ಬಿಚ್ಚಿ, ಗಾಳಿ ಉಳಿದಿದ್ದ ಒಂದು ಟ್ಯಾಪೆಟ್ಟನ್ನು ಹೊರತೆಗೆದು, ಎಣ್ಣೆ ತುಂಬಿಸಿ ಮತ್ತೆ ಕೂರಿಸಿದರು. ಎಂಟರಲ್ಲಿ ಒಂದು ಮಾತ್ರ. ಉಳಿದ ಏಳೂ ಸರಿಯಾಗಿದ್ದವು. ಕೊನೆಗೆ ಇಂಜಿನ್ ಚಾಲೂ ಮಾಡಿದಾಗ ಉಸ್ತಾದರು ರೆಕ್ಕೆಯ ಹಿಂದೆ ಬಂದು, ವಿಮಾನದ ಮೈಗೆ ಅಂಗೈ ಹಚ್ಚಿ ನಿಂತರು. ಹುಬ್ಬು ಎತ್ತಿ ನನ್ನ ಕಡೆ ನೋಡಿದರು. "ಈಗ ಏನೂ ಇಲ್ಲ ಉಸ್ತಾದ್ರ," ಎಂದು ಬಾಯಿ ಅಗಲಿಸಿ ಅಂದೆ. ತಲೆ ಆಡಿಸಿದರು. ಹೊಸಬ ಸಹಿ ಹಾಕಿದ.

ಕೋಣೆಯಲ್ಲಿದ್ದದ್ದು ಒಂದು ಟ್ರಂಕು, ಒಂದು ಚಾಪೆ, ಒಂದು ಸ್ಟೋವ್. ಟೆಂಪೊದಲ್ಲಿ ಇಡಲು ನಾನೇ ಕೈ ಕೊಟ್ಟೆ. "ಮನೀಗಿ ಬರ್ತೀನ್ರಿ ಉಸ್ತಾದ್ರ," ಅಂದೆ. "ಬರ್ರಿ ಬೇಟಾ," ಅಂದರು. ಮೂರು ವರ್ಷದಲ್ಲಿ ಒಮ್ಮೆಯೂ ಮೇಡಂ ಬಿಟ್ಟು ಬೇರೆ ಕರೆದವರಲ್ಲ.

ನಾನು ಹೋಗಲಿಲ್ಲ. ಶೆಡ್ಡಿನಿಂದ ಶಹಾಬಾದಿಗೆ ಅರ್ಧ ತಾಸಿನ ದಾರಿ. ಹಬ್ಬಕ್ಕೆ ಹೋಗೋಣ ಅಂದುಕೊಂಡೆ, ಹಬ್ಬ ಬಂದು ಹೋಯಿತು. ಎದುರು ಕುಳಿತು ಏನು ಹೇಳಲಿ? ನನ್ನ ತುಟಿ ನೋಡಿಯೇ ಅವರು ಮಾತು ತಿಳಿಯಬೇಕು, ಆ ತುಟಿಯಿಂದ ಬಂದ ಮಾತನ್ನೇ ಅವರು ಆ ದಿನ ನೋಡಿದ್ದರು. ಹೊಸ ಇಂಜಿನಿಯರ್ ಒಳ್ಳೆಯವನೇ. ತಿಂಗಳಿಗೆ ನಾಲ್ಕೈದು ಸಲ ಬಂದು ಕೆಲಸ ಮುಗಿಸಿ ಹೋಗುತ್ತಿದ್ದ. ಉಳಿದ ದಿನ ಶೆಡ್ಡಿನಲ್ಲಿ ನಾನೊಬ್ಬಳೇ ಡಬ್ಬಿ ಬಿಚ್ಚುತ್ತಿದ್ದೆ. ರನ್‌ವೇಯ ತುದಿಯಲ್ಲಿ ಯಾರೂ ನಿಂತಿರುತ್ತಿರಲಿಲ್ಲ. ಇಳಿಯುವಾಗ ಪ್ರತಿ ಸಲವೂ ಆ ಜಾಗ ನೋಡುತ್ತಿದ್ದೆ...

ಹೀಗೇ ವರ್ಷಗಳು ಕಳೆದವು. ಗಣಿಗಳ ಫೋಟೊ ತೆಗೆಯಲು ಡ್ರೋನುಗಳು ಬಂದವು. ಹೋದ ವರ್ಷ ಆ ಇಂಜಿನ್ ತನ್ನ ಪೂರ್ತಿ ಆಯುಷ್ಯದ ತಾಸುಗಳನ್ನು ಮುಗಿಸಿತು. ಒಮ್ಮೆಯೂ ಗಾಳಿಯಲ್ಲಿ ಕೈಕೊಡದೆ ಮುಗಿಸಿತು. ಬಿಚ್ಚಿ ನೋಡಲು ಬೆಂಗಳೂರಿಗೆ ಕಳಿಸಿದರು. ಅಲ್ಲಿಯ ವರ್ಕ್‌ಶಾಪಿನವರು ಫೋನ್ ಮಾಡಿ, "ಮೊದಮೊದಲು ಇದನ್ನ ಯಾರು ನೋಡ್ಕೋತಿದ್ರು ಮೇಡಂ? ಒಳಗಡೆ ಒಂದು ಗೀರೂ ಇಲ್ಲ. ಇಂಥದ್ದು ನಾವು ನೋಡಿರೋದು ಕಮ್ಮಿ," ಅಂದರು.

ಈ ಮಾತು ಹೇಳಲು ಹೋಗಬಹುದು ಅನ್ನಿಸಿತು. ಇದಾದರೂ ಒಂದು ಒಳ್ಳೆಯ ಸುದ್ದಿ. ಮರುದಿನವೇ ಶಹಾಬಾದಿಗೆ ಹೋಗಿ, ಕೇಳಿ ಕೇಳಿ ಮನೆ ಹುಡುಕಿದೆ. ಪರಸಿ ಹಾಸಿದ ಸಣ್ಣ ಅಂಗಳ. ಮಗಳು ಬಾಗಿಲಿಗೆ ಬಂದಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಅಪ್ಪಾಜಿ ಇದ್ದಾರೇನ್ರಿ ಅಂದೆ. ನನ್ನನ್ನು ಒಂದು ಕ್ಷಣ ನೋಡಿ, "ಬರ್ರಿ ಅಕ್ಕಾ, ಕುಂದ್ರಿ," ಅಂದಳು. ನೀರು ಕೊಟ್ಟ ಮೇಲೆ ಹೇಳಿದಳು, "ಅಬ್ಬಾ ಹೋಗಿ ಎಂಟು ತಿಂಗಳಾತ್ರಿ."

ನೀರಿನ ಗ್ಲಾಸು ಹಿಡಿದು ಕುಳಿತೆ. ನೀವ್ಯಾರು ಎಂದು ಅವಳು ಕೇಳಲಿಲ್ಲ. ನಾನೇ, ಅವರು ಕೆಲಸ ಮಾಡುತ್ತಿದ್ದ ವಿಮಾನವನ್ನು ಹಾರಿಸುತ್ತಿದ್ದವಳು ಅಂದೆ. ಅವಳ ಮುಖ ಅರಳಿತು.

"ಮನ್ಯಾಗ ಅದರ ಸುದ್ದೀನೇ ತೆಗೀತಿರಲಿಲ್ಲರಿ ಅಕ್ಕಾ. ವಯಸ್ಸಾತು, ಸಾಕು ಅಂತ ಬಿಟ್ಟು ಬಂದೆ ಅಂದ್ರು. ಬಂದ ಮ್ಯಾಲ ಒಂದು ಪಾನಾ ಮುಟ್ಟಲಿಲ್ಲ. ಖಾಲಿ ಕುಂತು ಕುಂತು ಆಮ್ಯಾಲ ಕಿವೀನೂ ಹೋದವು. ಕೆಲಸದಾಗ ಇದ್ದಿದ್ರ ಛಲೋ ಇರ್ತಿದ್ರೇನೋ."

ಹಾಗಾದರೆ ಅವರು ಮಗಳಿಗೆ ಹೇಳಲೇ ಇಲ್ಲ. ನನ್ನ ಮಾತನ್ನೂ ಹೇಳಲಿಲ್ಲ, ತಮ್ಮ ಕಿವಿಯ ಮಾತನ್ನೂ ಹೇಳಲಿಲ್ಲ. ಖರೇ ಸಂಗತಿ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಹೌದ್ರಿ, ಇದ್ದಿರಬಹುದು," ಅಂದೆ.

ಅವಳು ಚಹಾ ತಂದಳು. ಬಂದ ಕಾರಣ ಹೇಳಿದೆ. ಅವರು ನೋಡಿಕೊಂಡ ಇಂಜಿನ್ ಪೂರ್ತಿ ಅವಧಿ ಮುಗಿಸಿದೆ, ಒಳಗೆ ಒಂದು ಗೀರೂ ಇಲ್ಲವಂತೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಗಮನವಿಟ್ಟು ಕೇಳಿ, ಮೆಲ್ಲಗೆ, "ಅಂದ್ರ ಅದು ಛಲೋ ಸುದ್ದಿ ಏನ್ರಿ?" ಎಂದು ಕೇಳಿದಳು.

"ಹೂಂ," ಅಂದೆ. "ಭಾಳ ಛಲೋ ಸುದ್ದಿ."

ಈಗ ನಾನು ಅದೇ ಕಂಪನಿಯ ಸೇಡಂ ಆಫೀಸಿನಲ್ಲಿ ಡ್ರೋನುಗಳು ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುತ್ತೇನೆ. ಹಾರಾಟ ನಿಂತು ವರ್ಷವಾಯಿತು. ಅಕ್ಕಪಕ್ಕದವರಿಗೆ ನಾನು ಒಂದು ಕಾಲಕ್ಕೆ ವಿಮಾನ ಹಾರಿಸುತ್ತಿದ್ದೆ ಎಂಬುದಷ್ಟೇ ಗೊತ್ತು. ಉಸ್ತಾದರ ಕಿವಿ ಯಾವಾಗ ಹೋಯಿತು, ಕೇಳಿಸದೆಯೂ ಎಷ್ಟು ನಿಗಾದಿಂದ ನನ್ನನ್ನು ಮೇಲಕ್ಕೆ ಕಳಿಸಿ ಇಳಿಸಿಕೊಂಡರು, ಕೊನೆಗೆ ಯಾರ ಮಾತಿನಿಂದ ಹೊರಬಿದ್ದರು ಎಂಬುದನ್ನೆಲ್ಲ ಕೂಡಿಸಿ ಬಲ್ಲವಳು ಈಗ ನಾನೊಬ್ಬಳೇ. ತಪ್ಪಾಯಿತು ಅನ್ನಬೇಕಾದವರು ಇಲ್ಲ. ಇಷ್ಟೆಲ್ಲ ಬರೆದೆ, ಅವರ ಹೆಸರು ಮಾತ್ರ ಬರೆಯಲಿಲ್ಲ. ಶಹಾಬಾದಿನಲ್ಲಿ ಅವರ ಮಗಳು ಇದನ್ನು ಓದಿದರೂ, ಯಾರದೋ ಕಥೆ ಅಂದುಕೊಂಡು ಹಾಳೆ ತಿರುವಲಿ.